ಹಳೆಯ ರೈಫಲ್‌ನ ಲೋಹಕ್ಕೆ ಮರುಮೆರುಗು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದೆಲ್ಲ ಗೋಡೆಯ ಮೇಲೋ ಗಾಜಿನ ಪೆಟ್ಟಿಗೆಯಲ್ಲೋ ಇಡುವ ರೈಫಲ್‌ಗೆ ಸಂಬಂಧಿಸಿದ್ದು. ಮತ್ತೆ ಗುಂಡು ಹಾರಿಸುವ ಯೋಚನೆ ಇದ್ದರೆ ಈ ಪುಟ ಸಾಲದು. ಅಂಥ ಬಂದೂಕನ್ನು ಪರವಾನಗಿ ಪಡೆದ ಕೆಲಸಗಾರರೇ ಪರೀಕ್ಷಿಸಬೇಕು.

## ಕೈ ಹಾಕುವ ಮೊದಲು

ಎಷ್ಟೋ ವರ್ಷದಿಂದ ಮೂಲೆಯಲ್ಲೇ ಬಿದ್ದಿರೋ ಬಂದೂಕು. ಖಾಲಿ ಇದೆಯಾ ಅಂತ ಇನ್ನೂ ನೋಡಬೇಕಾ?

ನೋಡಲೇಬೇಕು. ಬೋಲ್ಟ್ (ಗುಂಡಿನ ಹಿಂಬದಿಯನ್ನು ಮುಚ್ಚುವ, ಹಿಂದೆ-ಮುಂದೆ ಸರಿಯುವ ಸರಳು) ಇರುವ ರೈಫಲ್ ಆದರೆ ಅದನ್ನು ಹೊರಗೆಳೆದು, ಗುಂಡು ಕೂರುವ ಜಾಗವನ್ನು ಕಣ್ಣಿಂದಲೂ ಬೆರಳಿಂದಲೂ ಪರೀಕ್ಷಿಸಿ, ಮ್ಯಾಗಜಿನ್ ಬಿಚ್ಚಿ. ನಿಜವಾದ ಅಪಾಯ ಇರುವುದು ಬಾಯಿಯ ಕಡೆಯಿಂದ ಮದ್ದು ತುಂಬುವ ಹಳೆಯ ಬಂದೂಕುಗಳಲ್ಲಿ. ತುಂಬಿಟ್ಟು ಮರೆತುಬಿಟ್ಟವು ಈಗಲೂ ಸಿಗುತ್ತವೆ, ಒಣಗಿದ ಕರಿಮದ್ದು ನೂರು ವರ್ಷವಾದರೂ ಸಾಯುವುದಿಲ್ಲ.

ಪರೀಕ್ಷೆ ಸುಲಭ. ಬಾಯಿಯನ್ನು ಯಾರಿಗೂ, ನಿಮ್ಮ ಮುಖಕ್ಕೂ ಎದುರಾಗದಂತೆ ಹಿಡಿದು, ಮರದ ಅಥವಾ ಹಿತ್ತಾಳೆಯ ಕೋಲನ್ನು ತಳ ಮುಟ್ಟುವವರೆಗೆ ಮೆಲ್ಲಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಹಾಕಿ. ಅದೇ ಕೋಲನ್ನು ನಳಿಗೆಯ ಹೊರಮೈಗೆ ಹಿಡಿಯಿರಿ. ತುದಿ, ಕಿಡಿ ಒಳಹೋಗುವ ತೂತಿನ ಹತ್ತಿರ ಬಂದರೆ ಖಾಲಿ. ಮೂರ್ನಾಲ್ಕು ಸೆಂಟಿಮೀಟರ್ ಮೊದಲೇ ನಿಂತರೆ ಒಳಗೆ ಏನೋ ಇದೆ. ಆಗ ಬಿಸಿ ಮಾಡಬೇಡಿ, ಕೊರೆಯಬೇಡಿ, ಕುದಿಸಬೇಡಿ. ತಿಳಿದವರ ಕೈಗೆ ಕೊಡಿ.

ಕಾನೂನಿನ ತೊಡಕು ಏನಾದರೂ ಇದೆಯಾ?

ಪುರಾತನ ಬಂದೂಕು, ನಿಷ್ಕ್ರಿಯಗೊಳಿಸಿದ ಬಂದೂಕು ಎಂದರೆ ಏನು ಎಂಬುದು ಒಂದೊಂದು ದೇಶದಲ್ಲಿ ಒಂದೊಂದು ಥರ. ಪರವಾನಗಿಯ ಸ್ಥಿತಿ ತಿಳಿದುಕೊಂಡೇ ಬಿಚ್ಚಿ. ಎಲ್ಲಿದ್ದರೂ ಪಾಲಿಸಬೇಕಾದ ನಿಯಮ ಒಂದಿದೆ: ಸಂಖ್ಯೆ, ಪರೀಕ್ಷಾ ಮುದ್ರೆ, ತಯಾರಕರ ಗುರುತು ಇವನ್ನು ಉಜ್ಜಿ ಅಳಿಸಬೇಡಿ. ಸಂಖ್ಯೆ ಅಳಿಸುವುದು ಬಹಳ ಕಡೆ ಅಪರಾಧ. ಅಪರಾಧವಲ್ಲದ ಕಡೆಯೂ ಆ ಬಂದೂಕಿನ ಗುರುತೇ ಹೋದಂತೆ.

ಹೊಸದರ ಹಾಗೆ ಫಳಫಳ ಮಾಡಿದರೆ ಬೆಲೆ ಹೆಚ್ಚುತ್ತೆ ಅಲ್ವಾ?

ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಸಂಗ್ರಾಹಕರು ಹಣ ಕೊಡುವುದು ಮೂಲ ಲೇಪಕ್ಕೆ, ಚೂಪಾಗಿ ಉಳಿದ ಅಂಚಿಗೆ, ಓದಲು ಬರುವ ಮುದ್ರೆಗೆ. ಬಫಿಂಗ್ ಚಕ್ರಕ್ಕೆ ಕೊಟ್ಟರೆ ಮೂರೂ ಹತ್ತು ನಿಮಿಷದಲ್ಲಿ ಹೋಗುತ್ತವೆ, ಮತ್ತೆ ಬರುವುದಿಲ್ಲ. ಮೂಲ ಕಪ್ಪು ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ, ಅಥವಾ ಲೋಹ ಒಂದೇ ಸಮನಾಗಿ ಕಂದುಗಟ್ಟಿದ್ದರೆ, ಶುಚಿ ಮಾಡಿ ಮೇಣ ಹಚ್ಚಿ ಬಿಟ್ಟುಬಿಡಿ. ಮರುಮೆರುಗು ಕೊಡಬೇಕಾದದ್ದು ತುಕ್ಕು ತಿಂದು ಹಾಕಿದ, ಹಿಂದೆ ಯಾರೋ ಉಜ್ಜಿ ಬೆಳ್ಳಗೆ ಮಾಡಿಟ್ಟ, ಅಥವಾ ಬೇರೆ ಬೇರೆ ಬಂದೂಕುಗಳ ಭಾಗ ಸೇರಿಸಿ ಕಟ್ಟಿದ ರೈಫಲ್‌ಗಳಿಗೆ. ಸಂಶಯ ಇದ್ದರೆ ಕೈ ಹಾಕದಿರುವುದೇ ಲೇಸು.

ಇದಕ್ಕೆ ಮೊದಲು ಯಾವ ಬಣ್ಣ ಇತ್ತು ಅಂತ ಹೇಗೆ ಗೊತ್ತಾಗುತ್ತೆ?

ಮರದ ಭಾಗ ಬಿಚ್ಚಿ ನಳಿಗೆಯ ಅಡಿಭಾಗ ನೋಡಿ. ಬಿಸಿಲು, ಕೈಬೆವರು, ಉಜ್ಜುವಿಕೆ ಮುಟ್ಟದ ಜಾಗ ಅದು. ಮೂಲ ಬಣ್ಣ ಅಲ್ಲಿ ಉಳಿದಿರುತ್ತದೆ. ನಳಿಗೆಯನ್ನು ಮರಕ್ಕೆ ಹಿಡಿದಿಡುವ ಬ್ಯಾಂಡ್‌ಗಳ ಒಳಮೈ, ಗುರಿ ನೋಡುವ ಹಿಂಬದಿಯ ಸೈಟ್‌ನ ಕೆಳಗೂ ನೋಡಿ. ಹಗಲು ಬೆಳಕಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಎಲ್ಲ ಹಳೆಯ ರೈಫಲ್‌ಗಳೂ ಕಪ್ಪಾಗಿದ್ದವು ಎಂಬುದು ತಪ್ಪು ತಿಳಿವಳಿಕೆ. ಅಮೆರಿಕದ 1861ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ನಳಿಗೆಗೆ ಬಣ್ಣವೇ ಇರಲಿಲ್ಲ, ಬರಿ ಲೋಹವನ್ನೇ ಹೊಳಪು ಮಾಡಿ ಬಿಡುತ್ತಿದ್ದರು. ಅದಕ್ಕೆ ಬ್ಲೂ (ಲೋಹದ ಮೈಗೆ ದ್ರಾವಣದಿಂದ ತರುವ ನೀಲಿ-ಕಪ್ಪು ಬಣ್ಣ, ಬ್ಲೂಯಿಂಗ್) ಹಾಕಿದರೆ ಚೆನ್ನಾಗಿ ಕಾಣಬಹುದು, ಆದರೆ ಸುಳ್ಳು. 19ನೇ ಶತಮಾನದ ಬೇಟೆಯ ರೈಫಲ್‌ಗಳಲ್ಲಿ ಕಂದು ಅಥವಾ ನಿಧಾನ ತುಕ್ಕಿನಿಂದ ತಂದ ಕಡುನೀಲಿ ಹೆಚ್ಚು. ಅಮೆರಿಕದ ಸೇನೆಯ ಎಂ1 ಗರಾಂಡ್ ರೈಫಲ್‌ಗೆ ಬೂದು ಫಾಸ್ಫೇಟ್ ಲೇಪ. ಜರ್ಮನಿಯ ಕೆ98ಕೆ ನೀಲಿ-ಕಪ್ಪು, ಎರಡನೇ ಮಹಾಯುದ್ಧದ ಕೊನೆಯ ಹೊತ್ತಿನ ಕೆಲವು ಫಾಸ್ಫೇಟ್. ಯುದ್ಧಾನಂತರ ಫ್ಯಾಕ್ಟರಿಗೆ ಹೋಗಿ ಬಂದ ಬ್ರಿಟಿಷರ ಅನೇಕ ನಂ. 4 ಲೀ-ಎನ್‌ಫೀಲ್ಡ್‌ಗಳಿಗೆ ಫಾಸ್ಫೇಟಿನ ಮೇಲೆ ಕಪ್ಪು ಪೇಂಟ್ ಇರುತ್ತದೆ. ಅದನ್ನು ಯಾರೋ ಬಳಿದ ಅಗ್ಗದ ಬಣ್ಣ ಎಂದು ಕಿತ್ತುಹಾಕಬೇಡಿ.

ತಿರುಪು ಅಲ್ಲಾಡುತ್ತಲೇ ಇಲ್ಲ. ಜೋರು ಮಾಡಲಾ?

ಬೇಡ. ಸಾಮಾನ್ಯ ಸ್ಕ್ರೂಡ್ರೈವರ್‌ನ ತುದಿ ಕೆಳಗೆ ಹೋದಂತೆ ಕಿರಿದಾಗುತ್ತದೆ. ಒತ್ತಿದಾಗ ಜಾರಿ ತಿರುಪಿನ ತಲೆಯ ಸೀಳಿನ ತುಟಿ ಕೀಳುತ್ತದೆ. ಇಕ್ಕೆಲ ಸಮಾನಾಂತರ ಇರುವ, ಸೀಳಿಗೆ ಬಿಗಿಯಾಗಿ ಕೂರುವ ತುದಿ ಬೇಕು, ಬೇಕಾದರೆ ಅರದಿಂದ ತೀಡಿಕೊಳ್ಳಿ. ತುಕ್ಕು ಸಡಿಲಿಸುವ ಎಣ್ಣೆಯನ್ನು ದಿನಕ್ಕೆರಡು ಬಾರಿ ಹನಿಸಿ ಎರಡು ದಿನ ಬಿಡಿ. ಬೆಸುಗೆ ಹಾಕುವ ಸೋಲ್ಡರಿಂಗ್ ಕಬ್ಬಿಣದ ತುದಿಯನ್ನು ತಿರುಪಿನ ತಲೆಗೆ ಒಂದೆರಡು ನಿಮಿಷ ಒತ್ತಿ ಹಿಡಿದು, ಆರಿದ ಮೇಲೆ ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿ. ನಳಿಗೆಯನ್ನು ರಿಸೀವರ್‌ನಿಂದ (ನಳಿಗೆಯ ಹಿಂದಿನ, ಬೋಲ್ಟ್ ಕೂರುವ ಭಾಗ) ಬಿಚ್ಚುವ ಅಗತ್ಯವೇ ಇಲ್ಲ.

## ತುಕ್ಕು ಮತ್ತು ಉಜ್ಜುವಿಕೆ

ಕೆಂಪು ತುಕ್ಕಿನ ಕೆಳಗೆ ಹಳೆಯ ಕಪ್ಪು ಉಳಿದಿರಬಹುದು. ಅದು ಹೋಗದ ಹಾಗೆ ತುಕ್ಕು ಮಾತ್ರ ತೆಗೆಯೋದು ಹೇಗೆ?

ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಕಂಚಿನ ಉಣ್ಣೆಯಿಂದ ಹಗುರಾಗಿ ಉಜ್ಜಿ. ಕಂಚು ಉಕ್ಕಿಗಿಂತ ಮೃದು. ತುಕ್ಕು ಹೋಗುತ್ತದೆ, ಕಪ್ಪು ಹೆಚ್ಚು ಕಡಿಮೆ ಉಳಿಯುತ್ತದೆ. ಬಟ್ಟೆ ಕೆಂಪಾಗುವುದು ನಿಂತರೆ ಕೆಲಸ ಮುಗಿಯಿತು.

ಇನ್ನೂ ಒಳ್ಳೆಯ ದಾರಿ ಕುದಿಸುವುದು. ಭಾಗಗಳನ್ನು ಬಿಚ್ಚಿ, ಎಣ್ಣೆಯೆಲ್ಲ ತೆಗೆದು, ಬಟ್ಟಿ ಇಳಿಸಿದ ನೀರಿನಲ್ಲಿ 20ರಿಂದ 30 ನಿಮಿಷ ಕುದಿಸಿದರೆ ಕೆಂಪು ತುಕ್ಕು ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್ ಆಗಿ ಬದಲಾಗುತ್ತದೆ. ಮೇಲಿನ ಮಸಿಯಂಥ ಪುಡಿಯನ್ನು ನಯವಾದ ಸ್ಟೀಲ್ ವೂಲ್‌ನಿಂದ ತೆಗೆದರೆ ಕೆಳಗೆ ಗಟ್ಟಿಯಾದ ಕಪ್ಪು ಸಿಗುತ್ತದೆ. ಕೆಟ್ಟುಹೋಗಿದೆ ಎಂದು ಕೈಬಿಟ್ಟ ಎಷ್ಟೋ ನಳಿಗೆಗಳಿಗೆ ಇಷ್ಟೇ ಸಾಕಾಗುತ್ತದೆ. ಹಳೆಯ ಮದ್ದಿನ ಉಪ್ಪೂ ನೀರಿನಲ್ಲಿ ಕರಗಿ ಹೋಗುತ್ತದೆ ಎಂಬುದು ಇದರ ಇನ್ನೊಂದು ಲಾಭ. ಆ ಉಪ್ಪು ಎಣ್ಣೆಗೆ ಕರಗುವುದಿಲ್ಲ, ಒಳಗೇ ಕುಳಿತು ತೇವ ಹೀರುತ್ತಿರುತ್ತದೆ.

ವಿನೆಗರ್‌ನಲ್ಲಿ ಅದ್ದಿಟ್ಟರೆ ಸುಲಭ ಅಂತಾರಲ್ಲ?

ಸುಲಭವೇ, ತುಕ್ಕಿನ ಜೊತೆ ಬ್ಲೂಯಿಂಗ್ ಕೂಡ ಪೂರ್ತಿ ಹೋಗುತ್ತದೆ. ಏಕೆಂದರೆ ಆಮ್ಲಕ್ಕೆ ಎರಡೂ ಕಬ್ಬಿಣದ ಆಕ್ಸೈಡೇ. ಹೇಗೂ ಬಣ್ಣ ತೆಗೆದು ಹೊಸದಾಗಿ ಹಾಕುವುದಾದರೆ ಬಳಸಬಹುದು: ಅರ್ಧ ಗಂಟೆಗೊಮ್ಮೆ ಎತ್ತಿ ನೋಡಿ, ಬಣ್ಣ ಬಿಟ್ಟ ಕೂಡಲೇ ತೆಗೆಯಿರಿ, ಲೀಟರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ. ರಾತ್ರಿಯಿಡೀ ಬಿಟ್ಟರೆ ಮೈ ಮಂಕಾಗಿ ಒರಟಾಗುತ್ತದೆ. ಸ್ಪ್ರಿಂಗ್‌ಗಳನ್ನು ಆಮ್ಲಕ್ಕೆ ಹಾಕಲೇಬೇಡಿ. ಹೈಡ್ರೋಜನ್ ಒಳಸೇರಿ ಪೆಡಸಾಗಿ ಮುರಿಯುತ್ತವೆ.

ಬ್ಯಾಟರಿ ಚಾರ್ಜರ್ ಹಾಕಿ ತುಕ್ಕು ತೆಗೆಯೋ ವಿಧಾನ ಸುರಕ್ಷಿತವಾ?

ಲೋಹದ ಮಟ್ಟಿಗೆ ಇದು ಸೌಮ್ಯ ವಿಧಾನ, ಸರಿಯಾಗಿ ಜೋಡಿಸಿದರೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಲೀಟರಿಗೆ ಸುಮಾರು 5 ಗ್ರಾಂ ವಾಷಿಂಗ್ ಸೋಡಾ. 12 ವೋಲ್ಟ್ ಚಾರ್ಜರಿನ ಋಣ ತಂತಿ ರೈಫಲ್‌ನ ಭಾಗಕ್ಕೆ, ಧನ ತಂತಿ ಹಳೆಯ ಕಬ್ಬಿಣದ ತುಂಡಿಗೆ. ತಂತಿ ಅದಲುಬದಲಾದರೆ ನಿಮ್ಮ ರೈಫಲ್ಲೇ ಕರಗುತ್ತದೆ. ಧನ ತಂತಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಹೊರಬರುವ ಗುಳ್ಳೆ ಹೈಡ್ರೋಜನ್. ಬಯಲಿನಲ್ಲಿ ಮಾಡಿ, ಚಾರ್ಜರ್ ಆರಿಸಿದ ಮೇಲೆಯೇ ಕ್ಲಿಪ್ ಬಿಚ್ಚಿ. ಸ್ಪ್ರಿಂಗ್, ಹಿತ್ತಾಳೆ, ಅಲ್ಯೂಮಿನಿಯಂ ಇದಕ್ಕೂ ಬೇಡ.

ತುಕ್ಕು ಹೋಯ್ತು, ಗುಂಡಿ ಉಳಿದಿವೆ. ಪೂರ್ತಿ ಉಜ್ಜಿಬಿಡಲಾ?

ಗುಂಡಿಯ ತಳದವರೆಗೆ ಸುತ್ತಲಿನ ಲೋಹವನ್ನೆಲ್ಲ ಇಳಿಸಬೇಕಾಗುತ್ತದೆ ಎಂಬುದನ್ನು ಮೊದಲು ಯೋಚಿಸಿ. ಮುದ್ರೆಯ ಅಕ್ಷರಗಳಿಗಿಂತ ಗುಂಡಿ ಆಳವಿದ್ದರೆ ಅಕ್ಷರ ಮೊದಲು ಹೋಗುತ್ತದೆ. ಅಂಥ ಕಡೆ ಗುಂಡಿಯನ್ನು ಶುಚಿ ಮಾಡಿ ಹಾಗೇ ಬಿಡುವುದು ಸರಿ. ಕಪ್ಪು ಬಂದ ಮೇಲೆ ಅರ್ಧದಷ್ಟು ಕಣ್ಣಿಗೇ ಬೀಳುವುದಿಲ್ಲ. ಮುದ್ರೆ ಇಲ್ಲದ ಕಡೆ ನಯವಾದ ಅರವನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ನಳಿಗೆಯ ಉದ್ದಕ್ಕೆ ಎಳೆಯಬಹುದು. ಅರದ ಹಲ್ಲಿಗೆ ಸೀಮೆಸುಣ್ಣ ತಿಕ್ಕಿಕೊಂಡರೆ ಲೋಹದ ಚೂರು ಸಿಕ್ಕಿ ಗೀರು ಬೀಳುವುದಿಲ್ಲ.

ಎಷ್ಟು ನಂಬರಿನ ಎಮರಿ ಕಾಗದದವರೆಗೆ ಹೋಗಬೇಕು?

180ರಿಂದ ಶುರುಮಾಡಿ 240, 320, 400. ಮೊದಲೇ ನಯವಾಗಿದ್ದರೆ 320ರಿಂದಲೇ ಹೊರಡಿ. ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಬದಲಿಸಿ, ಹಿಂದಿನ ಗೀರು ಪೂರ್ತಿ ಹೋದ ಮೇಲಷ್ಟೇ ಮುಂದಿನದು. ಕೊನೆಯದು ಮಾತ್ರ ನಳಿಗೆಯ ಉದ್ದಕ್ಕೇ. ಚಪ್ಪಟೆ ಜಾಗದಲ್ಲಿ ಕಾಗದದ ಹಿಂದೆ ಮರದ ಅಥವಾ ಲೋಹದ ತುಂಡು ಇರಲೇಬೇಕು. ಬರಿ ಬೆರಳಲ್ಲಿ ಉಜ್ಜಿದರೆ ಅಂಚು ಉರುಟಾಗುತ್ತದೆ, ತಿರುಪಿನ ತೂತಿನ ಸುತ್ತ ತಗ್ಗು ಬೀಳುತ್ತದೆ. ಅನುಭವಿಗಳು ದೂರದಿಂದಲೇ ಗುರುತಿಸುವ ದೋಷ ಇದು.

ಮುಂದೆ ಹೇಳುವ ರಸ್ಟ್ ಬ್ಲೂಗೆ (ತುಕ್ಕು ಹಿಡಿಸಿ, ಕುದಿಸಿ ಕಪ್ಪು ತರುವ ವಿಧಾನ) 320 ಅಥವಾ 400 ಸಾಕು. ಕನ್ನಡಿಯಂತೆ ಮಾಡಿದರೆ ದ್ರಾವಣ ಕಚ್ಚುವುದಿಲ್ಲ.

## ಬಣ್ಣ ತರುವುದು

ಕೋಲ್ಡ್ ಬ್ಲೂ, ರಸ್ಟ್ ಬ್ಲೂ, ಹಾಟ್ ಬ್ಲೂ. ಇವುಗಳಲ್ಲಿ ಯಾವುದು ಮಾಡಲಿ?

ಕೋಲ್ಡ್ ಬ್ಲೂ ಬಾಟಲಿಯಲ್ಲಿ ಸಿಗುವ, ಸಾಮಾನ್ಯವಾಗಿ ಸೆಲೆನಿಯಂ ಮತ್ತು ತಾಮ್ರದ ಲವಣಗಳಿರುವ ದ್ರಾವಣ. ಉಕ್ಕಿನ ಮೇಲೆ ತೆಳು ಕಪ್ಪು ಪದರ ಕೂರಿಸುತ್ತದೆ. ಅರ್ಧ ದಿನದ ಕೆಲಸ, ಆದರೆ ಕೈ ತಾಗಿದರೆ ಸವೆಯುತ್ತದೆ. ತಿರುಪಿನ ತಲೆ, ಸಣ್ಣ ಗೀರು, ತೇಪೆ ಕೆಲಸಕ್ಕೆ ಅದು ಸರಿ. ಇಡೀ ನಳಿಗೆಗೆ ಅಷ್ಟಾಗಿ ಒಪ್ಪುವುದಿಲ್ಲ.

ಹಾಟ್ ಬ್ಲೂ ಎಂದರೆ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ಸುಮಾರು 140 ಡಿಗ್ರಿ ಸೆಲ್ಸಿಯಸ್‌ನ ಸ್ನಾನ. ಒದ್ದೆ ಭಾಗ ಹಾಕಿದರೆ ಸಿಡಿಯುತ್ತದೆ, ಅಲ್ಯೂಮಿನಿಯಂ ಬಿದ್ದರೆ ಕರಗಿ ಉಕ್ಕುತ್ತದೆ, ಸೀಸದ ಬೆಸುಗೆಯನ್ನು ತಿನ್ನುತ್ತದೆ. ಮನೆಯಲ್ಲಿ ಮಾಡುವಂಥದ್ದಲ್ಲ. ಮೇಲಾಗಿ ಇದು ವ್ಯಾಪಕವಾದದ್ದು 1930ರ ದಶಕದ ನಂತರ. ಅದಕ್ಕಿಂತ ಹಳೆಯ ರೈಫಲ್ ಮೇಲೆ ಅದರ ಮಿರಿಮಿರಿ ಕಪ್ಪು ಒಗ್ಗುವುದೇ ಇಲ್ಲ.

ಉಳಿದದ್ದು ರಸ್ಟ್ ಬ್ಲೂ. ನಿಧಾನ, ಆದರೆ ಬೇಕಾಗುವುದು ತಾಳ್ಮೆ ಮತ್ತು ಕುದಿಯುವ ನೀರು. ಬಣ್ಣ ಆಳ, ಬಾಳಿಕೆ ಹೆಚ್ಚು, ಕಾಲಕ್ಕೂ ಸರಿಹೊಂದುತ್ತದೆ. ಪ್ರದರ್ಶನದ ಹಳೆಯ ರೈಫಲ್‌ಗೆ ನಮ್ಮ ಮತ ಇದಕ್ಕೇ.

ಕೋಲ್ಡ್ ಬ್ಲೂ ಹಾಕಿದೆ, ತೇಪೆ ತೇಪೆಯಾಗಿ ಬಂತು. ಯಾಕೆ?

ಹತ್ತರಲ್ಲಿ ಒಂಬತ್ತು ಸಲ ಎಣ್ಣೆ. ಅಸಿಟೋನ್‌ನಿಂದ ಎರಡು ಬಾರಿ ಒರೆಸಿ, ಎರಡನೆಯ ಬಟ್ಟೆ ಬಿಳಿಯಾಗಿಯೇ ಉಳಿಯಬೇಕು. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಕೂದಲೊಣಗಿಸುವ ಯಂತ್ರದಿಂದ ಲೋಹವನ್ನು ಕೈಗೆ ಬಿಸಿ ತಟ್ಟುವಷ್ಟು ಕಾಯಿಸಿ, ಹತ್ತಿಯಿಂದ ಒಂದೇ ಸಮನೆ ಎಳೆಯಿರಿ. ಒಂದು ನಿಮಿಷ ಬಿಟ್ಟು ನೀರಿನಲ್ಲಿ ತೊಳೆದು ಒಣಗಿಸಿ, 0000 ನಂಬರಿನ ಸ್ಟೀಲ್ ವೂಲ್‌ನಿಂದ ಹಗುರಾಗಿ ತಿಕ್ಕಿ. ಮೂರರಿಂದ ಐದು ಸಲ. ಸ್ಟೀಲ್ ವೂಲ್‌ಗೂ ಕಾರ್ಖಾನೆಯ ಎಣ್ಣೆ ಇರುತ್ತದೆ, ಅದನ್ನೂ ಅಸಿಟೋನ್‌ನಲ್ಲಿ ಅದ್ದಿ ಒಣಗಿಸಿಕೊಳ್ಳಬೇಕು. ಬಹಳ ಜನ ಮರೆಯುವುದು ಇದನ್ನೇ. ಅಸಿಟೋನ್ ಇರುವ ಕಡೆ ಬೆಂಕಿ ಬೇಡ, ಕೈಗವಸು ಇರಲಿ, ಕಿಟಕಿ ತೆರೆದಿರಲಿ: ಸೆಲೆನಿಯಂ ವಿಷ.

ರಸ್ಟ್ ಬ್ಲೂ ಹಂತ ಹಂತವಾಗಿ ಹೇಳ್ತೀರಾ?

ಬೇಕಾದದ್ದು: ಸಿದ್ಧ ರಸ್ಟ್ ಬ್ಲೂ ದ್ರಾವಣ, ಬಟ್ಟಿ ಇಳಿಸಿದ ನೀರು, ಎಣ್ಣೆ ತೆಗೆದ 0000 ಸ್ಟೀಲ್ ವೂಲ್, ನೈಟ್ರೈಲ್ ಕೈಗವಸು, ನಳಿಗೆ ಮಲಗುವಷ್ಟು ಉದ್ದದ ಕಬ್ಬಿಣದ ಅಥವಾ ಸ್ಟೀಲಿನ ತೊಟ್ಟಿ. 90 ಸೆಂಟಿಮೀಟರ್ ಉದ್ದ, 10 ಅಗಲ, 10 ಎತ್ತರದ ತೊಟ್ಟಿಗೆ ಏಳೆಂಟು ಲೀಟರ್ ನೀರು ಹಿಡಿಸುತ್ತದೆ. ಸತು ಲೇಪಿಸಿದ ತಗಡು, ಅಲ್ಯೂಮಿನಿಯಂ ಬೇಡ. ದ್ರಾವಣವನ್ನು ಹಳೆಯ ಪಾಕದಂತೆ ನೀವೇ ಕಲಸಲು ಹೋಗಬೇಡಿ. ಹಳೆಯ ಪಾಕಗಳಲ್ಲಿ ಪಾದರಸದ ಲವಣಗಳೂ ಇರುತ್ತಿದ್ದವು.

1. ನಳಿಗೆಯ ಒಳಗೆ ಅರಗಿನ ವಾರ್ನಿಷ್ ಹಚ್ಚಿ ಒಣಗಿಸಿ, ಎರಡೂ ತುದಿಗೆ ಉದ್ದದ ಮರದ ಗೂಟ ಸಿಕ್ಕಿಸಿ. ಅವೇ ಹಿಡಿಕೆ. ಒಂದು ಗೂಟಕ್ಕೆ ಉದ್ದಕ್ಕೆ ಸಣ್ಣ ಗೀರು ತೆಗೆದಿರಲಿ, ಇಲ್ಲವಾದರೆ ಕುದಿಯುವಾಗ ಒಳಗಿನ ಗಾಳಿ ಹಿಗ್ಗಿ ಗೂಟ ಹಾರುತ್ತದೆ.

2. ಅಸಿಟೋನ್‌ನಿಂದ ಜಿಡ್ಡು ತೆಗೆಯಿರಿ. ನೀರು ಹಾಕಿದರೆ ಹನಿಗಟ್ಟದೆ ಹಾಳೆಯಂತೆ ಹರಡಬೇಕು.

3. ಹತ್ತಿಯನ್ನು ದ್ರಾವಣದಲ್ಲಿ ಅದ್ದಿ, ಹೆಚ್ಚುಕಡಿಮೆ ಒಣಗುವಷ್ಟು ಹಿಂಡಿ. ತುದಿಯಿಂದ ತುದಿಗೆ ಒಂದೇ ಎಳೆತ. ಎಳೆದ ಜಾಗಕ್ಕೆ ಮತ್ತೆ ಹೋಗಬೇಡಿ.

4. ಬೆಚ್ಚಗಿನ ತೇವದ ಕಡೆ ತೂಗುಹಾಕಿ: ಸುಮಾರು 30 ಡಿಗ್ರಿ, ತೇವಾಂಶ ಶೇ. 70-80. ಒಂದು ಕಪಾಟಿನಲ್ಲಿ ಬಿಸಿನೀರಿನ ಪಾತ್ರೆ ಇಟ್ಟರೂ ಆಗುತ್ತದೆ. ಮೊದಲ ಸಲ ಎಂಟರಿಂದ ಹನ್ನೆರಡು ಗಂಟೆ, ಆಮೇಲಾಮೇಲೆ ಮೂರ್ನಾಲ್ಕು ಗಂಟೆ. ಗಂಟೆಯನ್ನಲ್ಲ, ಬಣ್ಣವನ್ನು ನೋಡಿ: ತೆಳುವಾದ ಕಿತ್ತಳೆ-ಕಂದು ಧೂಳು ಎಲ್ಲೆಡೆ ಸಮನಾಗಿ ಬಂದಿರಬೇಕು.

5. ಜೋರಾಗಿ ಕುದಿಯುವ ನೀರಿನಲ್ಲಿ 15-20 ನಿಮಿಷ. ಕಂದು ತುಕ್ಕು ಕಣ್ಣೆದುರೇ ಮಖಮಲ್ಲಿನ ಕಪ್ಪಾಗುತ್ತದೆ.

6. ಎತ್ತಿದ ಬಿಸಿಗೇ ನೀರು ಆರಿಹೋಗುತ್ತದೆ. ಆಗಲೇ ಸ್ಟೀಲ್ ವೂಲ್‌ನಿಂದ ಮೇಲಿನ ಪುಡಿ ತೆಗೆಯಿರಿ. ಒತ್ತಬೇಡಿ.

7. ಆರಿದ ಮೇಲೆ ಮತ್ತೆ ಮೂರನೆಯ ಹಂತದಿಂದ. ಮೊದಲ ಸುತ್ತಿನಲ್ಲಿ ಬರುವುದು ಕೊಳಕು ಬೂದು, ನಿರಾಶರಾಗಬೇಡಿ. ಮೂರನೆಯದಕ್ಕೆ ಕಪ್ಪು ಕೂಡುತ್ತದೆ, ಆರರಿಂದ ಎಂಟರೊಳಗೆ ಮುಗಿಯುತ್ತದೆ. ಎರಡು ಸುತ್ತಿನ ನಡುವೆ ಬಣ್ಣ ಗಾಢವಾಗುವುದು ನಿಂತಿತೆಂದರೆ ಸಾಕು.

8. ಕೊನೆಯ ಸಲ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ಎಣ್ಣೆ ಸುರಿದು ಒಂದು ರಾತ್ರಿ ಬಿಡಿ. ಈ ಸೋಡಾ ಹಂತ ಬಿಟ್ಟರೆ ದ್ರಾವಣದ ಆಮ್ಲ ಒಳಗೇ ಉಳಿದು, ವಾರದ ಬಳಿಕ ಅಂಚುಗಳಲ್ಲಿ ಮತ್ತೆ ಕೆಂಪು ಕಾಣಿಸಿಕೊಳ್ಳುತ್ತದೆ. ಆಮೇಲೆ ನಳಿಗೆಯೊಳಗಿನ ವಾರ್ನಿಷ್ ಅನ್ನು ಸ್ಪಿರಿಟ್‌ನಿಂದ ತೆಗೆದು ಎಣ್ಣೆ ಹಾಕಿ.

ಕುದಿಸಿದ ಮೇಲೆ ಕಲೆಗಳು ಬಂದವು. ಎಲ್ಲಿ ತಪ್ಪಿತು?

ಬೂದು-ಬಿಳಿ ಚುಕ್ಕೆ ಇದ್ದರೆ ನೀರಿನ ಉಪ್ಪು. ನಲ್ಲಿ ನೀರು ಬಳಸಿದ್ದೀರಿ. ತಾಮ್ರದ ಬಣ್ಣದ ಗೆರೆ ಇದ್ದರೆ ದ್ರಾವಣ ಹೆಚ್ಚಾಗಿ ಹರಿದಿದೆ, ಹತ್ತಿ ಇನ್ನೂ ಹಿಂಡಿ. ಬೆರಳಿನ ಆಕಾರದ ಬಿಳಿ ಜಾಗ ಎಂದರೆ ಬೇರೆ ಹೇಳಬೇಕಾಗಿಲ್ಲ. ಸೈಟ್‌ನ ಬುಡದಿಂದ ಕೆಳಕ್ಕೆ ಗೆರೆ ಬಂದಿದ್ದರೆ ಸಂದಿಯಲ್ಲಿ ಅಡಗಿದ್ದ ಹಳೆಯ ಎಣ್ಣೆ ಬಿಸಿಗೆ ಹೊರಬಂದಿದೆ. ಅದಕ್ಕೇ ದ್ರಾವಣ ಹಚ್ಚುವ ಮೊದಲು ಒಮ್ಮೆ ಬರಿ ನೀರಿನಲ್ಲಿ ಕುದಿಸುವುದು ಒಳ್ಳೆಯದು. ತುಕ್ಕು ಚುಕ್ಕೆ ಚುಕ್ಕೆಯಾಗಿ ಒರಟಾಗಿದ್ದರೆ ಹೆಚ್ಚು ಹೊತ್ತು ಬಿಟ್ಟಿದ್ದೀರಿ, ಇದು ಮಾತ್ರ ಲೋಹವನ್ನೇ ಕೊರೆಯುತ್ತದೆ. ಮೊದಲಿನವು ಆ ಜಾಗ ಉಜ್ಜಿ ಎರಡು ಸುತ್ತು ಹೆಚ್ಚು ಹಾಕಿದರೆ ಬೆರೆತುಹೋಗುತ್ತವೆ. ಕೊನೆಯದಕ್ಕೆ 320ರ ಕಾಗದಕ್ಕೆ ಮರಳಬೇಕು.

ಕಪ್ಪು ಬೇಡ, ಹಳೆಯ ಕಂದು ಬೇಕು ಅಂದರೆ?

ಇದೇ ಕೆಲಸ, ಕುದಿಸುವ ಹಂತ ಇಲ್ಲ. ತುಕ್ಕನ್ನು ಒರಟು ಬಟ್ಟೆಯಿಂದ ತಿಕ್ಕಿ ಮತ್ತೆ ಹಚ್ಚುತ್ತಾ ಹೋಗಿ, ಬೇಕಾದ ಬಣ್ಣ ಬಂದಾಗ ಸೋಡಾ ನೀರಿನಿಂದ ನಿಲ್ಲಿಸಿ, ಬಿಸಿಯಾಗಿರುವಾಗ ಮೇಣ. ಇಲ್ಲಿ ಲೋಹ 240ರಲ್ಲೇ ನಿಂತರೆ ಚೆನ್ನ.

## ಸಿಕ್ಕಿನ ಪ್ರಶ್ನೆಗಳು

ರಿಸೀವರ್ ಮೇಲೆ ಮೋಡದ ಥರ ನೀಲಿ-ಕಂದು ಬಣ್ಣಗಳಿವೆ, ಮಾಸಿವೆ. ಮತ್ತೆ ತರಬಹುದಾ?

ಅದು ಕೇಸ್ ಹಾರ್ಡನಿಂಗ್‌ನ (ಲೋಹದ ಹೊರಮೈಯನ್ನು ಮಾತ್ರ ಗಡಸು ಮಾಡುವುದು) ಬಣ್ಣ: ಮೂಳೆ ಮತ್ತು ಮರದ ಇದ್ದಿಲಿನಲ್ಲಿ ಹುದುಗಿಸಿ ಕೆಂಪಗೆ ಕಾಯಿಸಿ ನೀರಿಗಿಳಿಸಿದಾಗ ಮೂಡುವಂಥದ್ದು. ಮನೆಯಲ್ಲಿ ಬರುವುದಿಲ್ಲ, ಗ್ಯಾಸ್ ಬತ್ತಿಯಿಂದ ಅಲ್ಲಲ್ಲಿ ಕಾಯಿಸಿ ಅನುಕರಿಸಿದರೆ ನಕಲಿ ಎಂದು ತಕ್ಷಣ ತಿಳಿಯುತ್ತದೆ, ರಿಸೀವರ್‌ನ ಗಡಸುತನವೂ ಕೆಡುತ್ತದೆ. ಈ ಬಣ್ಣ ಬಹಳ ತೆಳು; ಸ್ಟೀಲ್ ವೂಲ್ ಕೂಡ ಮುಟ್ಟಿಸಬೇಡಿ. ಮೃದು ಬಟ್ಟೆ, ಎಣ್ಣೆ, ಮೇಣ, ಅಷ್ಟೇ.

ತಿರುಪುಗಳಿಗೆ ನವಿಲು ನೀಲಿ ತರೋದು ಹೇಗೆ?

ಉಕ್ಕು ಸುಮಾರು 230 ಡಿಗ್ರಿಗೆ ಹುಲ್ಲಿನ ಹಳದಿ, 280ಕ್ಕೆ ನೇರಳೆ, 300ರ ಆಸುಪಾಸಿನಲ್ಲಿ ನೀಲಿಯಾಗುತ್ತದೆ. ತಿರುಪಿನ ತಲೆಯನ್ನು 600ರವರೆಗೆ ಹೊಳಪು ಮಾಡಿ, ಎಣ್ಣೆ ತೆಗೆದು, ಹಿತ್ತಾಳೆ ಪುಡಿ ಅಥವಾ ಒಣ ಮರಳು ತುಂಬಿದ ಸಣ್ಣ ತಟ್ಟೆಯಲ್ಲಿ ತಲೆ ಮೇಲಾಗಿ ಹುಗಿದು ಕೆಳಗಿನಿಂದ ಕಾಯಿಸಿ. ನೀಲಿ ಕಂಡ ಕೂಡಲೇ ಎತ್ತಿ ಎಣ್ಣೆಗೆ ಹಾಕಿ. ಐದು ಸೆಕೆಂಡು ತಡವಾದರೆ ಬೂದು. ಸ್ಪ್ರಿಂಗ್, ಬೋಲ್ಟ್, ಸಿಯರ್ (ಟ್ರಿಗರ್ ಎಳೆದಾಗ ಬಿಡುವ ಕೊಂಡಿ) ಮುಂತಾದ ಗಡಸು ಭಾಗಗಳಿಗೆ ಇದು ಬೇಡ.

ನಿಷ್ಕ್ರಿಯಗೊಳಿಸಿದ ರೈಫಲ್. ವೆಲ್ಡ್ ಮಾಡಿದ ಜಾಗ ಮಾತ್ರ ಬಣ್ಣ ಹಿಡೀತಿಲ್ಲ.

ವೆಲ್ಡ್ ಕಡ್ಡಿಯ ಲೋಹದ ಮಿಶ್ರಣವೇ ಬೇರೆ, ಆದ್ದರಿಂದ ಅದು ತುಕ್ಕು ಹಿಡಿಯುವ ವೇಗವೂ ಬೇರೆ. ಉಳಿದ ಭಾಗ ಮುಗಿಸಿ, ವೆಲ್ಡ್ ಮೇಲೆ ಮಾತ್ರ ಕೋಲ್ಡ್ ಬ್ಲೂ ನಾಲ್ಕೈದು ಸಲ ಹಚ್ಚಿ ಹತ್ತಿರದ ಬಣ್ಣಕ್ಕೆ ತನ್ನಿ. ಅಂದಕ್ಕೆಂದು ವೆಲ್ಡ್ ಕೆರೆದು ಸಮ ಮಾಡಬೇಡಿ; ನಿಷ್ಕ್ರಿಯತೆಯ ಪ್ರಮಾಣಪತ್ರ ನಿಂತಿರುವುದೇ ಅದರ ಮೇಲೆ.

ಬೂದು ಬಣ್ಣದ ಮಿಲಿಟರಿ ರೈಫಲ್‌ಗೆ ಬ್ಲೂ ಹಾಕಿದರೆ ಆಗಲ್ವಾ?

ಆಗುವುದಿಲ್ಲ, ಫಾಸ್ಫೇಟಿಗೆ ಫಾಸ್ಫೇಟೇ. ಮೈಯನ್ನು ಮರಳು ಬೀಸಿ ಮಂಕು ಮಾಡಿ, ಮ್ಯಾಂಗನೀಸ್ ಅಥವಾ ಸತುವಿನ ಫಾಸ್ಫೇಟ್ ದ್ರಾವಣವನ್ನು ಸ್ಟೇನ್‌ಲೆಸ್ ತೊಟ್ಟಿಯಲ್ಲಿ 85ರಿಂದ 95 ಡಿಗ್ರಿಯಲ್ಲಿಟ್ಟು, ಗುಳ್ಳೆ ನಿಲ್ಲುವವರೆಗೆ ಮುಳುಗಿಸುತ್ತಾರೆ. ಮ್ಯಾಂಗನೀಸ್ ಕಪ್ಪು-ಬೂದು, ಸತು ತಿಳಿ ಬೂದು. ಕುದಿ ಬಂದರೆ ದ್ರಾವಣ ಕೆಡುತ್ತದೆ. ಮಂಕು ಮೈ ಎಣ್ಣೆ ಹೀರುತ್ತದೆ, ತೆಗೆದ ಕೂಡಲೇ ಧಾರಾಳವಾಗಿ ಹಚ್ಚಿ.

## ಗೋಡೆಗೇರಿದ ಮೇಲೆ

ಎಣ್ಣೆ ಹಚ್ಚಿಡಲಾ, ಮೇಣ ಹಚ್ಚಲಾ?

ಪ್ರದರ್ಶನಕ್ಕೆ ಮೇಣ. ಎಣ್ಣೆ ಕೆಳಗೆ ಹರಿದು ಮರಕ್ಕೆ ಇಳಿಯುತ್ತದೆ, ಧೂಳು ಹಿಡಿಯುತ್ತದೆ, ಆ ಧೂಳು ತೇವ ಹೀರುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ಬಟಾಣಿಯಷ್ಟು ತೆಗೆದುಕೊಂಡು ತೆಳುವಾಗಿ ಹಚ್ಚಿ, ಕೆಲವು ನಿಮಿಷ ಬಿಟ್ಟು ಒರೆಸಿ. ಎರಡು ಪದರ, ವರ್ಷಕ್ಕೊಮ್ಮೆ.

ಎಲ್ಲಾ ಮಾಡಿದರೂ ಗಾಜಿನ ಪೆಟ್ಟಿಗೆಯಲ್ಲೇ ಮತ್ತೆ ತುಕ್ಕು ಬರ್ತಿದೆ!

ಪೆಟ್ಟಿಗೆಯನ್ನೇ ಅನುಮಾನಿಸಿ. ಓಕ್ ಮರ ಮತ್ತು ಎಂಡಿಎಫ್ ಹಲಗೆ ಆಮ್ಲದ ಆವಿ ಬಿಡುತ್ತವೆ, ಮುಚ್ಚಿದ ಜಾಗದಲ್ಲಿ ಅದು ಸೇರಿಕೊಳ್ಳುತ್ತದೆ. ಚರ್ಮದ ಪಟ್ಟಿ ಲೋಹಕ್ಕೆ ತಾಗಿಕೊಂಡಿದ್ದರೆ ಚರ್ಮ ಹದ ಮಾಡಲು ಬಳಸಿದ ಆಮ್ಲ, ಉಪ್ಪು ಅಲ್ಲೇ ಕಚ್ಚುತ್ತವೆ. ಪಟ್ಟಿಯನ್ನು ಬೇರೆ ತೂಗುಹಾಕಿ, ಅಥವಾ ನಡುವೆ ಪಾಲಿಥಿನ್ ಹಾಳೆ ಇಡಿ. ಪಿವಿಸಿ ಫೋಮ್, ರಬ್ಬರ್ ತೊಡಿಸಿದ ಕೊಕ್ಕೆಗಳನ್ನು ತೆಗೆದು ಪಾಲಿಥಿನ್ ಫೋಮ್ ಹಾಕಿ. ತೇವಾಂಶ ಶೇ. 45ರಿಂದ 55ರ ನಡುವೆ ಇರಲಿ. ತೀರಾ ಒಣಗಿಸಿದರೆ ಮರದ ಹಿಡಿ ಬಿರಿಯುತ್ತದೆ. ಸಣ್ಣ ತೇವಮಾಪಕ ಒಳಗಿಟ್ಟು, ತೇವ ಹೀರುವ ಸಿಲಿಕಾ ಜೆಲ್ ಹರಳುಗಳು ಬಣ್ಣ ಬದಲಿಸಿದಾಗ ಕಾಯಿಸಿ ಮತ್ತೆ ಇಡಿ. ಹೊರಗಿನ ಗೋಡೆಗೆ, ಬಚ್ಚಲಿನ ಗೋಡೆಗೆ ತಗುಲಿಸಬೇಡಿ. ನೋಡಲು ಬಂದವರು ಎತ್ತಿ ಹಿಡಿಯುತ್ತಾರೆ ಅಂತಾದರೆ, ಪೆಟ್ಟಿಗೆಯ ಪಕ್ಕದಲ್ಲೇ ಒಂದು ಜೊತೆ ಹತ್ತಿ ಕೈಗವಸು ಇಟ್ಟಿರಿ.